ಅಳತೆಪ್ಪನವರ ಚಿನ್ನದ ಕುರ್ಚಿ

ಅವಮಾನಕ್ಕೂ ಒಂದು ಮಿತಿ ಇರಬೇಕು ಎನ್ನುವುದು ಅಳತೆಪ್ಪನವರ ಅಭಿಪ್ರಾಯ. ಕಟ್ಟಡದ ಸಂಘದ ಅಧ್ಯಕ್ಷರು ಆ ಮಿತಿಯನ್ನು ದಾಟಿದ್ದರು. ದಾಟಿದ್ದು ಎಲ್ಲಿ? ಮೆಟ್ಟಿಲ ಮೇಲೆ. ಯಾರ ಎದುರಿಗೆ? ಕೆಳಮನೆ ಟೀಚರಮ್ಮನ ಎದುರಿಗೆ! ಟೀಚರಮ್ಮನ ಎದುರು ಆಡಿದ ಮಾತು ಎಂದರೆ ಎಲ್ಲಾ ಮಹಡಿಗೂ ಮೈಕು ಹಾಕಿ ಆಡಿದ ಮಾತು ಎಂದೇ ಲೆಕ್ಕ.

"ಮೆಟ್ಟಿಲ ಕೆಳಗಿನ ಆ ಜಾಗ ಖಾಲಿ ಮಾಡ್ಬೇಕು ನೀವು," ಎಂದಿದ್ದರು ಅಧ್ಯಕ್ಷರು. "ನನ್ನ ವ್ಯಾಯಾಮದ ಸೈಕಲ್ ಅಲ್ಲಿಡ್ಬೇಕು."

"ಅಲ್ಲಿ ನನ್ನ ಕೆಲಸ ನಡೀತಾ ಇದೆಯಲ್ಲ ಸಾರ್."

"ಯಾವ ಕೆಲಸ ರೀ? ಕರಕುಶಲ ಅಂದ್ರೆ ಅದರಲ್ಲಿ ಒಂದು ಅಂದ ಚಂದ ಇರ್ಬೇಕು. ನೀವು ಮಾಡೋದು ಹಣ್ಣಿನ ಪೆಟ್ಟಿಗೆಗೆ ಕಾಲು ಹಚ್ಚೋದು."

ಟೀಚರಮ್ಮ ಕಿಸಕ್ಕನೆ ನಕ್ಕರು. ಆಮೇಲೆ ಕೆಮ್ಮು ಬಂದವರ ಹಾಗೆ ನಟಿಸಿದರು. ಅಳತೆಪ್ಪನವರ ಕಿವಿ ಕೆಂಪಾಯಿತು.

ಇಲ್ಲಿ ಅಳತೆಪ್ಪನವರ ಬಗ್ಗೆ ಎರಡು ಮಾತು ಹೇಳಬೇಕು. ಅವರು ಪರದೆ ಅಂಗಡಿಯಲ್ಲಿ ಕೆಲಸ ಮಾಡುವವರು. ಮನೆಮನೆಗೆ ಹೋಗಿ ಕಿಟಕಿ ಬಾಗಿಲುಗಳ ಅಳತೆ ತೆಗೆದುಕೊಂಡು ಬರುವುದು ಅವರ ಉದ್ಯೋಗ. ಅಳತೆಯ ಟೇಪು ಸದಾ ಕುತ್ತಿಗೆಯಲ್ಲಿ ನೇತಾಡುತ್ತಿತ್ತಾದ್ದರಿಂದ ಅಪ್ಪ ಅಮ್ಮ ಇಟ್ಟ ಹೆಸರು ಮರೆತುಹೋಗಿ ಊರಿಗೆಲ್ಲ ಅವರು ಅಳತೆಪ್ಪ ಆಗಿದ್ದರು. ಅವರು ಅಳೆದ ಪರದೆ ಒಂದು ಬೆರಳಷ್ಟೂ ಹೆಚ್ಚು ಕಮ್ಮಿ ಆದದ್ದಿಲ್ಲ. ಆದರೆ ರಜಾದಿನ ಮೆಟ್ಟಿಲ ಕೆಳಗೆ ಕೂತು ಅವರು ಮಾಡುವ ಸ್ಟೂಲು, ತಟ್ಟೆ, ಕುರ್ಚಿಗಳ ಮಾತೇ ಬೇರೆ. ಸ್ಟೂಲಿನ ಮೂರು ಕಾಲು ಒಂದು ಪಕ್ಷವಾದರೆ ನಾಲ್ಕನೆಯದು ವಿರೋಧ ಪಕ್ಷ. ಕೇಳಿದರೆ, "ನೆಲ ಸೊಟ್ಟ ಇದೆ," ಎನ್ನುವರು. ಯಾವ ಮನೆಗೆ ಒಯ್ದಿಟ್ಟರೂ ಆ ಮನೆಯ ನೆಲವೇ ಸೊಟ್ಟ.

ಅವರ ಹೆಂಡತಿಯಂತೂ ಗಂಡ ಮಾಡಿದ ಒಂದು ಆಸನದ ಮೇಲೂ ಕೂತವಳಲ್ಲ. ಸೊಪ್ಪು ಬಿಡಿಸಲು ಅಡುಗೆಮನೆಯ ನೆಲದ ಮೇಲೇ ಕೂರುತ್ತಿದ್ದಳು. ಸುತ್ತ ನಾಲ್ಕು ಸ್ಟೂಲು ಸುಮ್ಮನೆ ನಿಂತು ನೋಡುತ್ತಿದ್ದವು. ಅಳತೆಪ್ಪನವರಿಗೆ ಇದು ಒಳಗೊಳಗೇ ಚುಚ್ಚುತ್ತಿತ್ತು. ಬಾಯಿಬಿಟ್ಟು ಕೇಳಲು ಮಾತ್ರ ಸ್ವಾಭಿಮಾನ ಬಿಡುತ್ತಿರಲಿಲ್ಲ. ಇನ್ನು ಮನೆಯೊಳಗೆ ಮರಗೆಲಸ ಮಾಡುವ ಮಾತು ಎತ್ತುವ ಹಾಗೇ ಇರಲಿಲ್ಲ. ಒಮ್ಮೆ ಮರದ ಹೊಟ್ಟು ಹಾರಿ ಸಾರಿನ ಪಾತ್ರೆಗೆ ಬಿದ್ದ ದಿನ ಆಕೆ ತೀರ್ಪು ಕೊಟ್ಟಿದ್ದಳು: "ಈ ಮನೇಲಿ ನಾನಿರ್ಬೇಕು, ಇಲ್ಲಾ ಆ ಗರಗಸ ಇರ್ಬೇಕು." ಹಾಗಾಗಿ ಅಳತೆಪ್ಪನವರ ಪಾಲಿಗೆ ಈ ಭೂಮಿಯ ಮೇಲೆ ಉಳಿದಿದ್ದ ಜಾಗ ಎಂದರೆ ಮೆಟ್ಟಿಲ ಕೆಳಗಿನ ಆ ಗೂಡು ಒಂದೇ. ಅದೂ ಹೋದರೆ ಗರಗಸ, ಉಳಿ, ಸುತ್ತಿಗೆ ಎಲ್ಲವನ್ನೂ ಗುಜರಿಗೆ ಹಾಕುವುದೇ ಸರಿ.

"ಬರೋ ಭಾನುವಾರ ಕಟ್ಟಡದ ವಾರ್ಷಿಕೋತ್ಸವ ಇದೆಯಲ್ಲ?" ಎಂದರು ಅಳತೆಪ್ಪ. "ಕೈಕೆಲಸದ ಪ್ರದರ್ಶನ ಇಟ್ಟಿದ್ದೀರಲ್ಲ? ನನ್ನ ಕುರ್ಚಿ ಅಲ್ಲಿರುತ್ತೆ. ಅವತ್ತಿನ ಮುಖ್ಯ ಅತಿಥಿಗಳು ಅದನ್ನ ನೋಡಿ ಚೆನ್ನಾಗಿದೆ ಅಂದ್ರೆ ಜಾಗ ನನ್ನದು. ಅನ್ನಲಿಲ್ಲವೋ, ನಾನೇ ನಿಮ್ಮ ಸೈಕಲ್ ಹೊತ್ಕೊಂಡು ಬಂದು ಅಲ್ಲಿಡ್ತೀನಿ."

"ಬಾಯ್ಬಿಟ್ಟು ಅನ್ಬೇಕು," ಎಂದರು ಅಧ್ಯಕ್ಷರು. "ತಲೆ ಆಡಿಸಿದ್ರೆ ಆಗಲ್ಲ. ಟೀಚರಮ್ಮ, ನೀವೇ ಸಾಕ್ಷಿ."

ಟೀಚರಮ್ಮನಿಗೆ ಇದಕ್ಕಿಂತ ದೊಡ್ಡ ಪದವಿ ಯಾವುದು ಬೇಕಿತ್ತು!

ಮನೆಗೆ ಬಂದರೆ ಅಲ್ಲಿ ಇನ್ನೊಂದು ಅವಮಾನ ಕಾಲು ಚಾಚಿಕೊಂಡು ಕೂತಿತ್ತು. ಹೆಂಡತಿಯ ತಂಗಿ ಬಂದಿದ್ದಳು. ಪಕ್ಕದ ಬೀದಿಯಲ್ಲಿ ಬ್ಯೂಟಿ ಪಾರ್ಲರು ಇಟ್ಟುಕೊಂಡಿದ್ದ ಈ ನಾದಿನಿ ತಾನು ಬಿಡುವಿನಲ್ಲಿ ಮಾಡಿದ ಸಾಮಾನುಗಳನ್ನೆಲ್ಲ ಮೇಜಿನ ಮೇಲೆ ಹರಡಿದ್ದಳು. ಮರದ ಬಳೆ, ಮಣ್ಣಿನ ಹೂದಾನಿ, ಗಾಜಿನ ಲೋಟದೊಳಗಿನ ಮೇಣದಬತ್ತಿ, ಬಟ್ಟೆಯ ಪುಟ್ಟ ಪರ್ಸು. ಬಳೆಯ ಮೇಲೆ ಬೆಳ್ಳಿಯ ಗರಿಗಳು, ಹೂದಾನಿಯ ಹೊಟ್ಟೆಯ ಸುತ್ತ ಚಿನ್ನದ ಬಳ್ಳಿ. ಎಲ್ಲವೂ ಫಳಫಳ ಹೊಳೆಯುತ್ತಿದ್ದವು.

"ಅಯ್ಯೋ, ಎಷ್ಟು ಮುದ್ದಾಗಿದೆಯೇ ಇದು!" ಎಂದು ಹೆಂಡತಿ ಹೂದಾನಿಯನ್ನು ಎತ್ತಿ ಎದೆಗಪ್ಪಿಕೊಂಡಳು.

ಅಳತೆಪ್ಪ ಬಾಗಿಲಲ್ಲೇ ನಿಂತರು. ಆ ಮಾತು ಈ ಮನೆಯಲ್ಲಿ ಅವರ ಯಾವ ಸ್ಟೂಲಿಗೂ ಸಿಕ್ಕಿರಲಿಲ್ಲ.

"ಏನದು? ತಗಡಾ?" ಎಂದರು ಮೂಗು ಮುರಿದು.

"ಟ್ಯಾಟೂ ಭಾವ," ಎಂದಳು ನಾದಿನಿ. "ಮೈಮೇಲೆ ಹಾಕ್ಕೊಳ್ಳೋದು, ಆಮೇಲೆ ಹೋಗುತ್ತಲ್ಲ, ಅದು. ಪಾರ್ಲರ್‌ಗೆ ಬರೋ ಹುಡುಗಿಯರು ಕೈಗೆ, ಕುತ್ತಿಗೆಗೆ ಹಾಕಿಸ್ಕೊಳ್ತಾರೆ. ನಾನು ಮರ, ಮಣ್ಣು, ಗಾಜು, ಮೇಣ ಎಲ್ಲದಕ್ಕೂ ಹಾಕ್ತೀನಿ. ನಿಮ್ಮ ಕುರ್ಚಿಗೂ ಹಾಕಿ ನೋಡಿ. ಈ ಹಾಳೆಗಳು ಮಿಕ್ಕಿವೆ, ಇಟ್ಕೊಳ್ಳಿ. ಸುಲಭ ಭಾವ. ಮೊದಲು ಮೇಲಿನ ಪ್ಲಾಸ್ಟಿಕ್ ತೆಗೀಬೇಕು. ಆಮೇಲೆ ಚಿತ್ರದ ಮುಖ ಕೆಳಗೆ ಮಾಡಿ..."

"ಸಾಕು, ಸಾಕು," ಎಂದು ಅಳತೆಪ್ಪ ಕೈ ಎತ್ತಿದರು. "ಕಿಟಕಿ ಅಳೆದು ಅಳೆದು ತಲೆ ನರೆತಿರೋನಿಗೆ ಒಂದು ಕಾಗದ ಅಂಟಿಸೋದು ಹೇಗೆ ಅಂತ ಹೇಳ್ಕೊಡ್ತೀಯಾ ನೀನು?"

ನಾದಿನಿ ಅಕ್ಕನ ಕಡೆ ತಿರುಗಿ ಪಾಠ ಮುಂದುವರಿಸಿದಳು. "ಮುಖ ಕೆಳಗೆ ಮಾಡಿ ಇಡ್ಬೇಕು ಅಕ್ಕ. ಹಿಂದಿನ ಕಾಗದ ನೆನೆಯೋ ಹಾಗೆ ನೀರು ಚಿಮುಕಿಸ್ಬೇಕು. ಅಲ್ಲಾಡದ ಹಾಗೆ ಗಟ್ಟಿಯಾಗಿ ಅದುಮಿ ಹಿಡ್ಕೊಂಡ್ರೆ ಚಿತ್ರ ಕಾಗದ ಬಿಟ್ಟು ಬಂದ್ಬಿಡುತ್ತೆ." ಅಳತೆಪ್ಪನವರು ಆ ಹೊತ್ತಿಗೆ ಹಾಳೆಗಳನ್ನು ಅಂಗಿಯೊಳಗೆ ಸೇರಿಸಿಕೊಂಡು, ಯಾರಿಗೂ ಏನೂ ಬೇಡ ಎನ್ನುವವರ ಮುಖ ಮಾಡಿಕೊಂಡು, ಮೆಟ್ಟಿಲು ಇಳಿಯುತ್ತಿದ್ದರು.

ಕುರ್ಚಿ ಗೂಡಿನಲ್ಲಿ ಕಾಯುತ್ತಿತ್ತು. ಎತ್ತರದ ಬೆನ್ನು, ಅಗಲವಾದ ಕೈಗಳು. ಪೆಟ್ಟಿಗೆಯ ಹಲಗೆ ಎಂದು ಹೇಳಿದರೆ ನಂಬದಷ್ಟು ಚೆನ್ನಾಗಿ ಉಜ್ಜಿದ್ದರು. ಹಾಳೆಗಳನ್ನು ಬಿಚ್ಚಿ ನೋಡಿದರು. ಎರಡು ಉದ್ದನೆಯ ಚಿನ್ನದ ಬಳ್ಳಿ, ಬಾಣ ಚುಚ್ಚಿದ ಒಂದು ದೊಡ್ಡ ಚಿನ್ನದ ಹೃದಯ, ಕೊಂಡಿ ಎತ್ತಿದ ಬೆಳ್ಳಿ ಚೇಳು, ಮತ್ತೆ ಉಗುರಿನಷ್ಟು ಅಗಲದ ಒಂದು ಬೆಳ್ಳಿ ಚಂದ್ರ.

ಮುಖ ಕೆಳಗಂತೆ! ಅಳತೆಪ್ಪನವರಿಗೆ ನಗು ಬಂತು. ಫೋಟೋವನ್ನು ಯಾರಾದರೂ ಗೋಡೆ ಕಡೆ ಮುಖ ಮಾಡಿ ತೂಗುಹಾಕುತ್ತಾರೆಯೇ? ಪಾರ್ಲರಿನವರ ಬುದ್ಧಿಯೇ ಇಷ್ಟು. ಅವರು ಪ್ರತಿಯೊಂದು ಚಿತ್ರವನ್ನೂ ಅಂಚು ಹಿಡಿದು ನೀಟಾಗಿ ಕತ್ತರಿಸಿದರು. ಹಿಂದಿನ ಕಾಗದಕ್ಕೆ ಬಡಗಿಗಳ ಬಿಳಿ ಗೋಂದು ಬಳಿದು, ಮುಖ ಮೇಲೆ ಮಾಡಿ, ಭದ್ರವಾಗಿ ಅಂಟಿಸಿದರು. ಕುರ್ಚಿಯ ಎರಡೂ ಕೈಗಳ ಮೇಲೆ ಬಳ್ಳಿ. ಬೆನ್ನಿನ ತುದಿಯಲ್ಲಿ, ತಲೆ ಒರಗುವ ಕಡೆ, ಹೃದಯ. ಅದರ ಕೆಳಗೆ ಚೇಳು. ಚಂದ್ರನಿಗೆ ಜಾಗ ಸಾಲದೆ ಬಲಗೈಯ ಮೂಲೆಯಲ್ಲಿ ತುರುಕಿದರು.

ಮೇಲಿನ ಪ್ಲಾಸ್ಟಿಕ್? ಅದನ್ನು ತೆಗೆಯಲಿಲ್ಲ. ಹೊಸ ವಸ್ತುವಿನ ಪ್ಲಾಸ್ಟಿಕ್ ತೆಗೆಯುವುದು ಅವರ ವಂಶದಲ್ಲೇ ಇರಲಿಲ್ಲ. ಅವರ ಮನೆಯ ಟಿವಿ ರಿಮೋಟು ಕೊಂಡ ದಿನ ಯಾವ ಕವರಿನಲ್ಲಿತ್ತೋ ಇವತ್ತಿಗೂ ಅದರಲ್ಲೇ ಇತ್ತು. ಕವರು ಮಾಸಿ ಮಾಸಿ ಯಾವ ಗುಂಡಿ ಯಾವುದು ಎಂದು ಕಾಣದಂತಾಗಿತ್ತು, ರಿಮೋಟು ಮಾತ್ರ ಒಳಗೆ ಹೊಚ್ಚಹೊಸದು.

ಗೋಂದು ಒಣಗುವ ಮೊದಲೇ ಟೀಚರಮ್ಮ ಹಣಕಿದರು. ಸಾಕ್ಷಿಯಾದ ಮೇಲೆ ದಿನಕ್ಕೊಮ್ಮೆಯಾದರೂ ನೋಡಬೇಡವೇ?

"ಅಯ್ಯಯ್ಯೋ! ಏನ್ರೀ ಇದು ಹೀಗೆ ಹೊಳೀತಿದೆ?"

ಇಲ್ಲಿ ಅಳತೆಪ್ಪನವರು ನಿಜ ಹೇಳಬಹುದಿತ್ತು. ನಾದಿನಿ ಕೊಟ್ಟ ಟ್ಯಾಟೂ ಎಂದರೆ ಮುಗಿದುಹೋಗುತ್ತಿತ್ತು. ಆದರೆ ಹಣ್ಣಿನ ಪೆಟ್ಟಿಗೆಯ ಮಾತು ಇನ್ನೂ ಕಿವಿಯಲ್ಲಿ ಉರಿಯುತ್ತಿತ್ತು.

"ಕುಸುರಿ ಕೆಲಸ," ಎಂದರು ಗಂಭೀರವಾಗಿ. "ಲೋಹವನ್ನ ಮರದೊಳಗೆ ಇಳಿಸೋದು. ಹಳೇ ಕಾಲದ ವಿದ್ಯೆ. ಈಗ ಗೊತ್ತಿರೋರು ಕಮ್ಮಿ."

"ಚಿನ್ನಾನಾ?"

"ಚಿನ್ನ ಅಂತ ನಾನೆಲ್ಲಿ ಅಂದೆ?" ಎಂದರು ಅಳತೆಪ್ಪ, ಚಿನ್ನವಲ್ಲದೆ ಬೇರೇನೂ ಇರಲಾರದು ಎನ್ನುವ ಧಾಟಿಯಲ್ಲಿ.

ಸಂಜೆಯ ಹೊತ್ತಿಗೆ ಮೇಲಿನ ಮಹಡಿಯಲ್ಲಿ ಅದು ಅಪ್ಪಟ ಚಿನ್ನವಾಯಿತು. ಅದರ ಮೇಲಿನ ಮಹಡಿಯಲ್ಲಿ ಅಳತೆಪ್ಪನವರ ಅಜ್ಜ ಅರಮನೆಯ ಸಿಂಹಾಸನ ಮಾಡಿದವರಾದರು. ಹಾಲಿನವನು ಬಂದು ಕುರ್ಚಿಯನ್ನು ನೋಡಿ ಚಪ್ಪಲಿ ಬಿಟ್ಟು ನಿಂತ. ಸ್ವತಃ ಅಧ್ಯಕ್ಷರೇ ಇಳಿದು ಬಂದರು. ಕುಳ್ಳಗಿನ ಮನುಷ್ಯ. ಕುರ್ಚಿಯ ಪಕ್ಕ ನಿಂತರೆ ಕುರ್ಚಿಯೇ ಅಧ್ಯಕ್ಷರ ಹಾಗೆ ಕಾಣುತ್ತಿತ್ತು. ಅವರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.

"ಪರವಾಗಿಲ್ಲ," ಎಂದರು ಕೊನೆಗೆ. "ಮುಖ್ಯ ಅತಿಥಿಗಳನ್ನ ಇದರಲ್ಲೇ ಕೂರಿಸೋಣ. ನನ್ನ ಮಾರ್ಗದರ್ಶನದಲ್ಲಿ ತಯಾರಾದ ಕುರ್ಚಿ ಅಂತ ನಾನೇ ಭಾಷಣದಲ್ಲಿ ಹೇಳ್ತೀನಿ."

"ನಿಮ್ಮ ಮಾರ್ಗದರ್ಶನಾನಾ?" ಎಂದರು ಅಳತೆಪ್ಪ. "ಪೆಟ್ಟಿಗೆಗೆ ಕಾಲು ಹಚ್ಚೋದು ಅಂದ್ರಲ್ಲ ನೀವೇ!"

"ನಾನು ಹಾಗೆ ಅಂದಿದ್ದಕ್ಕೇ ಅಲ್ವಾ ನಿಮಗೆ ಛಲ ಬಂದಿದ್ದು? ಅದೇ ಮಾರ್ಗದರ್ಶನ."

ಇಂಥ ಮನುಷ್ಯನ ಸೈಕಲ್ಲನ್ನು ಹೊರುವುದಕ್ಕಿಂತ ಹೊಳೆಗೆ ಹಾರುವುದು ಮೇಲು ಎಂದುಕೊಂಡರು ಅಳತೆಪ್ಪ.

ಭಾನುವಾರ ಬಂತು. ಕಟ್ಟಡದ ಕೆಳಗಿನ ಹಾಲಿನಲ್ಲಿ ಮೇಜುಗಳ ಸಾಲು. ಒಬ್ಬರು ಹೆಣೆದ ಸ್ವೆಟರು, ಇನ್ನೊಬ್ಬರು ಗುಂಡಿಗಳಿಂದ ಮಾಡಿದ ಆನೆ, ನಾದಿನಿಯ ಬಳೆ ಹೂದಾನಿಗಳು. ವೇದಿಕೆಯ ನಡುವೆ ಚಿನ್ನದ ಕುರ್ಚಿ. ಅವತ್ತಿನ ಮುಖ್ಯ ಅತಿಥಿ ಸಾಮಾನ್ಯರಲ್ಲ. ಊರಿನ ನೈರ್ಮಲ್ಯದ ದೊಡ್ಡ ಅಧಿಕಾರಿ. ಗೋಡೆಗಳ ಮೇಲೆ ಗೀಚುವವರನ್ನು, ಚಿತ್ರ ಬರೆಯುವವರನ್ನು ಹಿಡಿದು ಅವರಿಂದಲೇ ಗೋಡೆ ತೊಳೆಸುತ್ತಿದ್ದರಾದ್ದರಿಂದ ಜನ ಅವರನ್ನು ಗೋಡೆ ಸಾಹೇಬರು ಎನ್ನುತ್ತಿದ್ದರು. ಎತ್ತರದ ಆಳು, ನುಣ್ಣನೆಯ ಬೋಳು ತಲೆ. ಎಲ್ಲಿ ಏನು ಬರೆದಿದ್ದರೂ ಅವರಿಗೆ ಆಗುತ್ತಿರಲಿಲ್ಲ.

ಸಾಹೇಬರ ಕಾರು ಬರುವ ಸ್ವಲ್ಪ ಮುಂಚೆ ಅಧ್ಯಕ್ಷರು ಕೊನೆಯ ಪರಿಶೀಲನೆಗೆ ವೇದಿಕೆ ಹತ್ತಿದರು. ಕುರ್ಚಿಯ ಮೇಲೆ ಬೆರಳಾಡಿಸಿದರು. ಮುಖ ಕಿವುಚಿದರು.

"ಏನ್ರೀ ಇದು? ಸಾಹೇಬ್ರನ್ನ ಪ್ಲಾಸ್ಟಿಕ್ ಮೇಲೆ ಕೂರಿಸ್ತೀರಾ? ನಮಗೇನು ಮಾನ ಮರ್ಯಾದೆ ಇಲ್ವಾ?"

"ಸಾರ್, ತೆಗೀಬೇಡಿ!" ಎಂದು ಅಳತೆಪ್ಪ ಹಾಲಿನ ಆ ತುದಿಯಿಂದ ಓಡಿಬಂದರು. ಅವರು ತಲುಪುವಷ್ಟರಲ್ಲಿ ಪರಪರ ಎಂದು ಪ್ಲಾಸ್ಟಿಕ್ ಎದ್ದುಬಂದಿತ್ತು. ಚಂದ್ರ ಒಬ್ಬ ಮಾತ್ರ ಮೂಲೆಯಲ್ಲಿದ್ದದ್ದರಿಂದ ಕಣ್ಣಿಗೆ ಬೀಳದೆ ಉಳಿದ. ಅಧ್ಯಕ್ಷರಿಗೆ ಅಷ್ಟಕ್ಕೂ ಸಮಾಧಾನವಿಲ್ಲ. ಹೂಗುಚ್ಛದ ಪಕ್ಕ ನೀರು ಚಿಮುಕಿಸುವ ಬಾಟಲಿ ಇತ್ತು. ಅದನ್ನೆತ್ತಿ ಕುರ್ಚಿಗೆಲ್ಲ ಚುಸ್ ಚುಸ್ ಎಂದು ಹೊಡೆದರು. ಒರೆಸಲು ಬಟ್ಟೆ ಹುಡುಕುವಷ್ಟರಲ್ಲಿ ಹೊರಗೆ ಕಾರಿನ ಹಾರನ್ನು ಕೇಳಿಸಿತು. ಬಾಟಲಿಯನ್ನು ಅಳತೆಪ್ಪನವರ ಕೈಗೆ ತುರುಕಿ ಓಡಿದರು.

ಅಳತೆಪ್ಪ ಗೊಣಗುತ್ತ ನಾದಿನಿಯ ಮೇಜಿನ ಹತ್ತಿರ ಬಂದರು. ಆಕೆ ವೇದಿಕೆಯ ಕಡೆಗೇ ನೋಡುತ್ತಿದ್ದಳು.

"ಭಾವ, ಅವನ್ನ ಹೇಗೆ ಹಾಕಿದ್ರಿ?"

"ಗೋಂದು ಬಳಿದು."

"ಗೋಂದಾ? ಮುಖ ಯಾವ ಕಡೆ ಮಾಡಿ?"

"ಮೇಲೆ! ಮತ್ತಿನ್ನೇನು, ಕುರ್ಚಿಗೆ ತೋರಿಸೋಕಾ?"

ನಾದಿನಿ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ಭಾವ! ಅಂಟು ಇರೋದೇ ಆ ಮುಖದಲ್ಲಿ. ಪ್ಲಾಸ್ಟಿಕ್ಕೂ ತೆಗೆದಾಯ್ತು, ನೀರೂ ಹಾಕಾಯ್ತು. ಈಗ ಯಾರಾದ್ರೂ ಅದುಮಿದ್ರೆ ಮುಗೀತು. ಯಾರೂ ಕೂರಬಾರದು ಅದರಲ್ಲಿ!"

ಇಬ್ಬರೂ ತಿರುಗಿ ನೋಡಿದರು. ಗೋಡೆ ಸಾಹೇಬರು ಆಗತಾನೇ ಕೂರುತ್ತಿದ್ದರು.

ಇನ್ನು ಆ ಕುರ್ಚಿಯ ನಾಲ್ಕನೆಯ ಕಾಲಿನ ವಿಚಾರ. ಸಾಹೇಬರು ಕೂತದ್ದೇ ತಡ ಕುರ್ಚಿ ಎಡಕ್ಕೆ ವಾಲಿತು. ಬೆಚ್ಚಿ ಬಲಕ್ಕೆ ಸರಿದರೆ ಬಲಕ್ಕೆ ವಾಲಿತು. ಬೀಳದಿರಲು ಅವರು ಅಂಗಿಯ ತೋಳು ಮಡಿಸಿದ್ದ ಎರಡೂ ಕೈಗಳನ್ನು ಕುರ್ಚಿಯ ಕೈಗಳ ಮೇಲೆ ಬಲವಾಗಿ ಊರಿ, ತಲೆಯನ್ನು ಹಿಂದಕ್ಕೆ ಒತ್ತಿ, ಅಲುಗಾಡದೆ ಕೂತರು. ಅಷ್ಟರಲ್ಲಿ ಕರೆಂಟು ಹೋಯಿತು, ಫ್ಯಾನು ನಿಂತಿತು. ಅಧ್ಯಕ್ಷರು ಮೈಕಿಲ್ಲದೆಯೇ ಸ್ವಾಗತ ಭಾಷಣ ಶುರು ಮಾಡಿದರು. ಮಾರ್ಗದರ್ಶನದ ಮಾತು ಬಂತು, ಹೋಯಿತು, ಮತ್ತೆ ಬಂತು. ಸಾಹೇಬರ ತಲೆಯಿಂದ ಬೆವರು ಹರಿಯಿತು. ನಾದಿನಿ ಹೇಳಿದ್ದ ಪಾಠ ಒಂದು ಅಕ್ಷರವೂ ತಪ್ಪದೆ ನಡೆಯುತ್ತಿತ್ತು. ನಡೆಸುತ್ತಿದ್ದವರಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಕೊನೆಗೆ ಸಾಹೇಬರು ಮಾತಾಡಲು ಎದ್ದರು. ಏಳುವಾಗ ಕುರ್ಚಿ ಒಂದು ಕ್ಷಣ ಅವರನ್ನು ಬಿಡಲೊಲ್ಲೆ ಎಂದಿತು, ಆಮೇಲೆ ಚಟ್ ಎಂದು ಬಿಟ್ಟಿತು.

"ಸ್ವಚ್ಛತೆ!" ಎಂದು ಸಾಹೇಬರು ಎರಡೂ ಕೈ ಮೇಲೆತ್ತಿದರು. "ಸ್ವಚ್ಛವಾದ ಗೋಡೆ ನಾಗರಿಕನ ಗುರುತು! ಕಂಡಕಂಡಲ್ಲಿ ಚಿತ್ರ ಬರೆಯೋರನ್ನ ಕಂಡ್ರೆ ನನ್ನ ಮೈಯೆಲ್ಲ ಉರಿಯುತ್ತೆ!"

ಎತ್ತಿದ ಕೈಗಳ ಒಳಮೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಚಿನ್ನದ ಬಳ್ಳಿ ಹಬ್ಬಿತ್ತು. ಹಾಲಿನಲ್ಲಿ ಕೂತವರೆಲ್ಲ ಬಾಯಿ ತೆರೆದು ಅದನ್ನೇ ನೋಡಿದರು. ಜನ ಬೆರಗಾಗಿದ್ದಾರೆ ಎಂದುಕೊಂಡ ಸಾಹೇಬರು ಇನ್ನೂ ಹುರುಪಿನಿಂದ, ಹಿಂದಿನ ಗೋಡೆಯನ್ನು ತೋರಿಸಲು ಬೆನ್ನು ತಿರುಗಿಸಿದರು.

"ಈ ಗೋಡೆ ನೋಡಿ! ಒಂದು ಚುಕ್ಕೆ ಇದೆಯಾ?"

ಗೋಡೆಯ ಮೇಲೆ ಚುಕ್ಕೆ ಇರಲಿಲ್ಲ. ಅವರ ನುಣ್ಣನೆಯ ತಲೆಯ ಹಿಂಭಾಗದಲ್ಲಿ ಬಾಣ ಚುಚ್ಚಿದ ಚಿನ್ನದ ಹೃದಯ ಧಗಧಗ ಹೊಳೆಯುತ್ತಿತ್ತು.

"ಛೀ, ಈ ವಯಸ್ಸಿನಲ್ಲಿ!" ಎಂದರು ಟೀಚರಮ್ಮ, ಪಿಸುಮಾತಿನಲ್ಲಿ. ಅವರ ಪಿಸುಮಾತು ಗೇಟಿನವರೆಗೂ ಕೇಳಿಸಿತು.

ಮೊದಲ ಸಾಲಿನಲ್ಲಿ ಕೂತಿದ್ದ ಸಾಹೇಬರ ಹೆಂಡತಿ ಎದ್ದು ನಿಂತರು. "ರೀ! ಏನ್ರೀ ಅದು ತಲೆ ಮೇಲೆ?"

"ಏನು? ಎಲ್ಲಿ?" ಸಾಹೇಬರು ತಲೆ ಸವರಿಕೊಂಡರು. ಹಾಗೆ ಕೈ ಎತ್ತಿದಾಗ ಬಳ್ಳಿ ಕಣ್ಣಿಗೆ ಬಿತ್ತು. ಹಾವು ಕಂಡವರ ಹಾಗೆ ಕೈ ಕೊಡವಿದರು.

"ಯಾರ ಹತ್ರ ಹೋಗಿ ಬರೆಸ್ಕೊಂಡು ಬಂದ್ರಿ? ನಿಜ ಹೇಳಿ!" ಆಕೆ ಸುತ್ತ ಕಣ್ಣಾಡಿಸಿದರು. ನಾದಿನಿಯ ಮೇಜಿನ ಮೇಲೆ ಹೂದಾನಿ ಇತ್ತು. ಹೂದಾನಿಯ ಹೊಟ್ಟೆಯ ಸುತ್ತ ಅದೇ ಬಳ್ಳಿ ಇತ್ತು. "ಓಹೋಹೋ! ನೀನಾ? ನಮ್ಮೆಜಮಾನ್ರು ಮೀಟಿಂಗು ಮೀಟಿಂಗು ಅಂತ ಹೋಗ್ತಿದ್ದಿದ್ದು ನಿನ್ನ ಪಾರ್ಲರ್‌ಗಾ? ತಲೆಗೆ ಹೃದಯ ಬರೀತೀಯಾ ನೀನು?"

"ಅಮ್ಮಾ, ನಾನಲ್ಲ! ದೇವರಾಣೆ ನಾನು ಇವರನ್ನ ನೋಡ್ತಿರೋದೇ ಇವತ್ತು!" ನಾದಿನಿಯ ಕಣ್ಣಲ್ಲಿ ನೀರು ತುಂಬಿತು. ಅಕ್ಕಪಕ್ಕದ ಮೇಜಿನವರು ಮೆಲ್ಲಗೆ ದೂರ ಸರಿದರು. ಬಳೆ ನೋಡುತ್ತಿದ್ದ ಹೆಂಗಸೊಬ್ಬಳು ಬಳೆಯನ್ನು ಕೆಳಗಿಟ್ಟು ಕೈ ಒರೆಸಿಕೊಂಡಳು.

ಅಳತೆಪ್ಪನವರ ಹೆಂಡತಿ ತಂಗಿಯ ಭುಜ ಹಿಡಿದುಕೊಂಡು ಗಂಡನ ಮುಖ ನೋಡಿದಳು. ಅಷ್ಟು ಸಾಕಾಗಿತ್ತು.

ನಿಜ ಹೇಳಿದರೆ ಕುಸುರಿ ಹೋಗುತ್ತದೆ, ಅಜ್ಜನ ಸಿಂಹಾಸನ ಹೋಗುತ್ತದೆ, ಜಾಗ ಹೋಗುತ್ತದೆ, ಸೈಕಲ್ ಹೊರಬೇಕಾಗುತ್ತದೆ. ಅಳತೆಪ್ಪನವರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದರಿಂದಲೇ ಕೋಪ ನೆತ್ತಿಗೇರಿತು. ನೀರಿನ ಬಾಟಲಿ ಹಿಡಿದುಕೊಂಡೇ ವೇದಿಕೆ ಹತ್ತಿದರು.

"ಆ ಹುಡುಗೀನ ಯಾರೂ ಏನೂ ಅನ್ಬಾರ್ದು!" ಎಂದು ಗುಡುಗಿದರು. "ಕುಸುರಿಯೂ ಇಲ್ಲ, ಮಣ್ಣೂ ಇಲ್ಲ. ಅದು ಟ್ಯಾಟೂ. ಮುಖ ಕೆಳಗೆ ಮಾಡಿ ಹಾಕು ಅಂತ ಅವಳು ಬಡ್ಕೊಂಡ್ಳು. ನಾನು ಕೇಳದೆ ಮುಖ ಮೇಲೆ ಮಾಡಿ ಅಂಟಿಸಿದೆ. ತಪ್ಪು ನಂದು. ಆದ್ರೆ ನಾನು ಪ್ಲಾಸ್ಟಿಕ್ ಹಾಕಿದ್ದೆ ಸ್ವಾಮಿ! ಭದ್ರವಾಗಿ ಹಾಕಿದ್ದೆ! ಅದನ್ನ ಕಿತ್ತೋರು ಯಾರು? ನೀರು ಹೊಡೆದೋರು ಯಾರು? ಈ ಬಾಟಲಿ ಯಾರದು?"

ಇಡೀ ಹಾಲು ಅಧ್ಯಕ್ಷರ ಕಡೆ ತಿರುಗಿತು.

"ಕುರ್ಚಿಯಿಂದ ತಲೆಗೆ ಹೃದಯ ಹತ್ತುತ್ತಂತೆ!" ಎಂದರು ಸಾಹೇಬರ ಹೆಂಡತಿ. "ಯಾರಿಗೆ ಹೇಳ್ತೀರಿ ಈ ಕಥೇನ? ನನಗೆ ಕಣ್ಣಾರೆ ಕಾಣಬೇಕು."

ಸಾಹೇಬರಿಗೆ ಮುಳುಗುವವರಿಗೆ ಹಲಗೆ ಸಿಕ್ಕಂತಾಯಿತು. ಕುರ್ಚಿಯನ್ನು ನೋಡಿದರು. ಬಳ್ಳಿಗಳಿದ್ದ ಕಡೆ, ಹೃದಯವಿದ್ದ ಕಡೆ ಬಿಳಿ ಕಾಗದ ಬೋಳಾಗಿ ಉಳಿದಿತ್ತು. ಹೃದಯದ ಕೆಳಗೆ ಬೆಳ್ಳಿ ಚೇಳು ಕೊಂಡಿ ಎತ್ತಿಕೊಂಡು ಹಾಗೇ ಇತ್ತು. ಸಾಹೇಬರ ಬೆನ್ನಿಗೂ ಕುರ್ಚಿಯ ಬೆನ್ನಿಗೂ ನಡುವೆ ಒಂದಿಷ್ಟು ಸಂದು ಇದ್ದದ್ದರಿಂದ ಅದು ಬದುಕಿಕೊಂಡಿತ್ತು.

"ಅಧ್ಯಕ್ಷರೇ, ನೀವು ಕೂತ್ಕೊಳ್ಳಿ," ಎಂದರು ಸಾಹೇಬರು.

"ನಾನಾ? ಸಾರ್, ನನಗೆ ಸೊಂಟ ನೋವು. ನಿಂತ್ಕೊಂಡೇ ಇರ್ಬೇಕು ಅಂತ ಡಾಕ್ಟ್ರು..."

"ಕೂತ್ಕೊಳ್ಳಿ!"

ಅಧ್ಯಕ್ಷರು ಕೂತರು. ಕುಳ್ಳಗಿನವರಾದ್ದರಿಂದ ಅವರ ತಲೆ ಸರಿಯಾಗಿ ಚೇಳಿನ ಮಟ್ಟಕ್ಕೇ ಬಂತು. ಜನರ ಮುಖ ನೋಡಲಾಗದೆ ಅವರು ಕತ್ತು ಪಕ್ಕಕ್ಕೆ ಹೊರಳಿಸಿದರು. ಕೆನ್ನೆ ಹಲಗೆಗೆ ಒತ್ತಿತು. ಅಳತೆಪ್ಪ ಹೂಗುಚ್ಛಕ್ಕೆ ಹೊಡೆಯುವಷ್ಟೇ ನಯವಾಗಿ ಚೇಳಿನ ಮೇಲೊಮ್ಮೆ, ಅಧ್ಯಕ್ಷರ ಕಿವಿಯ ಮೇಲೊಮ್ಮೆ ಚುಸ್ ಎಂದು ನೀರು ಹೊಡೆದರು. ಅಷ್ಟರಲ್ಲಿ ಕುರ್ಚಿ ವಾಲಿತು. ಅಧ್ಯಕ್ಷರು ಹೆದರಿ ಕೆನ್ನೆಯನ್ನು ಇನ್ನೂ ಬಲವಾಗಿ ಒತ್ತಿ ಹಿಡಿದರು.

"ಈಗ ಏಳಿ," ಎಂದರು ಸಾಹೇಬರು.

ಅಧ್ಯಕ್ಷರು ಎದ್ದರು. ಎಡಗೆನ್ನೆಯ ಮೇಲೆ, ಗಲ್ಲದಿಂದ ಕಣ್ಣಿನ ಕೆಳಗಿನವರೆಗೆ, ಬೆಳ್ಳಿ ಚೇಳು ಕೊಂಡಿ ಎತ್ತಿ ನಿಂತಿತ್ತು. ಅದೇ ಗಳಿಗೆಗೆ ಸರಿಯಾಗಿ ಕರೆಂಟು ಬಂತು. ದೀಪದ ಬೆಳಕಿಗೆ ಚೇಳು ಮಿರಮಿರ ಮಿಂಚಿತು.

ಸಾಹೇಬರ ಹೆಂಡತಿ ಗಂಡನ ತಲೆ ನೋಡಿದರು, ಅಧ್ಯಕ್ಷರ ಕೆನ್ನೆ ನೋಡಿದರು, ಸೆರಗು ಬಾಯಿಗೆ ಒತ್ತಿಕೊಂಡು ಕುಸಿದು ಕೂತರು. ಅವರ ಭುಜ ಕುಲುಕುತ್ತಿತ್ತು. ನಾದಿನಿಯ ಕೈ ಹಿಡಿದು, "ತಪ್ಪು ತಿಳ್ಕೋಬೇಡಮ್ಮ," ಎಂದರು, ನಗುವಿನ ನಡುವೆ. ಹೆಂಡತಿ ನಕ್ಕಿದ್ದು ಕಂಡು ಸಾಹೇಬರಿಗೆ ಹೋದ ಜೀವ ಬಂದಂತಾಯಿತು. ಅಧ್ಯಕ್ಷರ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಹೊಟ್ಟೆ ಹಿಡಿದುಕೊಂಡು ಕೂಗಿದರು:

"ಚೆನ್ನಾಗಿದೆ! ಬಹಳ ಚೆನ್ನಾಗಿದೆ!"

"ಬಾಯ್ಬಿಟ್ಟು ಅಂದ್ರು!" ಎಂದು ಟೀಚರಮ್ಮ ಎದ್ದು ನಿಂತರು. ಸಾಕ್ಷಿಯ ಕರ್ತವ್ಯವನ್ನು ಅವರು ಮರೆಯುವವರಲ್ಲ. "ಎಲ್ಲರೂ ಕೇಳಿಸ್ಕೊಂಡ್ರಲ್ಲ? ಜಾಗ ಅಳತೆಪ್ಪನೋರದ್ದು!"

"ಅದು ಕುರ್ಚಿಗೆ ಅಂದಿದ್ದಲ್ಲ, ನನ್ನ ಕೆನ್ನೆಗೆ!" ಎಂದು ಅಧ್ಯಕ್ಷರು ಕಿರುಚಿದರು. ಚೇಳನ್ನು ಹೊತ್ತುಕೊಂಡು ವಾದ ಮಾಡುವುದು ಕಷ್ಟ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾದಿನಿ ಅಡುಗೆ ಎಣ್ಣೆ ತರಿಸಿ ಸಾಹೇಬರ ತಲೆಯನ್ನೂ ಕೈಗಳನ್ನೂ ತಿಕ್ಕಿ ಶುಚಿ ಮಾಡಿಕೊಟ್ಟಳು. ಅಧ್ಯಕ್ಷರು, ನನಗೆ ಯಾರ ಉಪಕಾರವೂ ಬೇಡ ಎಂದು ಮನೆಗೆ ಹೋಗಿ ಬರೀ ನೀರಿನಲ್ಲಿ ತೊಳೆದುಕೊಂಡರು. ಚೇಳು ಇನ್ನೂ ಚೆನ್ನಾಗಿ ಕೂತುಕೊಂಡಿತು. ಎರಡು ದಿನ ಅವರು ಮೆಟ್ಟಿಲು ಇಳಿಯಲಿಲ್ಲ.

ಗೆದ್ದ ಅಳತೆಪ್ಪನವರಿಗೆ ಸಂತೋಷವಾಯಿತು ಎಂದುಕೊಂಡರೆ ತಪ್ಪು. ಮೆಟ್ಟಿಲ ಕೆಳಗಿನ ಗೂಡಿಗೆ ಕುರ್ಚಿಯನ್ನು ತಂದಿಟ್ಟು, ಅದರ ಎದುರು ಸ್ಟೂಲಿನ ಮೇಲೆ ಕೂತು ಕುದಿಯುತ್ತಿದ್ದರು. ಜನ ತಲೆ ನೋಡಿದರು, ಕೈ ನೋಡಿದರು, ಕೆನ್ನೆ ನೋಡಿ ಕೇಕೆ ಹಾಕಿದರು. ಆ ಕುರ್ಚಿಯನ್ನು ಎಷ್ಟು ನುಣುಪಾಗಿ ಉಜ್ಜಿದ್ದೇನೆ ಎಂದು ಒಬ್ಬನಾದರೂ ನೋಡಿದನೇ? ಇಷ್ಟೆಲ್ಲ ರಂಪ ಆದರೂ ಅದು ಮುರಿಯಲಿಲ್ಲವಲ್ಲ, ಅದನ್ನು ಯಾರಾದರೂ ಹೇಳಿದರೇ? ಜಾಗ ಉಳಿಸಿಕೊಂಡು ಏನು ಮಾಡುವುದು, ಮಾಡಿದ್ದರಲ್ಲಿ ಕೂರುವವರೇ ಇಲ್ಲದ ಮೇಲೆ?

ಹೆಂಡತಿ ಪಾತ್ರೆ ತೊಳೆಯುತ್ತಿದ್ದವಳು ಹಾಗೇ ಒದ್ದೆ ಕೈಯಲ್ಲಿ ಇಳಿದು ಬಂದಳು.

"ಊಟಕ್ಕೆ ಬರಲ್ವಾ?"

"ನನಗೆ ಬೇಡ."

"ಎಲ್ಲರೆದುರಿಗೆ ತಪ್ಪು ನಂದು ಅಂದ್ರಲ್ಲ," ಎಂದಳು ಆಕೆ. "ತಂಗಿ ಅತ್ತುಬಿಟ್ಲು ಪಾಪ. ಭಾವ ಇಲ್ದಿದ್ರೆ ನಾಳೆ ಪಾರ್ಲರ್ ಬಾಗಿಲು ಹಾಕ್ಬೇಕಿತ್ತು ಅಂತಿದ್ಲು."

"ಪ್ಲಾಸ್ಟಿಕ್ ತೆಗೆದಿದ್ದು ಅವನು," ಎಂದರು ಅಳತೆಪ್ಪ.

"ಹೌದು, ಹೌದು. ಇದೊಂದನ್ನ ಅವನು ಬಿಟ್ಟುಬಿಟ್ಟಿದ್ದಾನೆ ನೋಡಿ," ಎಂದು ಆಕೆ ಕುರ್ಚಿಯ ಬಲಗೈ ಮೂಲೆಯ ಪುಟ್ಟ ಪ್ಲಾಸ್ಟಿಕ್ ಚೂರನ್ನು ಉಗುರಿನಿಂದ ಎಬ್ಬಿಸಿ ಎಸೆದಳು. ಆಮೇಲೆ, ಇದೇನೂ ಹೊಸದಲ್ಲ ಎನ್ನುವ ಹಾಗೆ, ತಿರುಗಿ ಕುರ್ಚಿಯಲ್ಲಿ ಕೂತಳು.

ಕುರ್ಚಿ ಎಡಕ್ಕೆ ವಾಲಿತು. ಆಕೆ ಕೈ ಊರಿ ಸರಿಯಾಗಿ ಕೂತಳು.

"ಅಲ್ಲಾಡುತ್ತೆ," ಎಂದಳು.

"ನೆಲ ಸೊಟ್ಟ."

"ಇರಬಹುದು," ಎಂದಳು ಆಕೆ. ಮೇಲೇಳಲಿಲ್ಲ. ಒರಗಿಕೊಂಡು ಕಣ್ಣು ಮುಚ್ಚಿದಳು. ಕಟ್ಟಡದವರು ಒಬ್ಬೊಬ್ಬರೇ ಮೆಟ್ಟಿಲು ಹತ್ತಿ ಹೋಗುವ ಸದ್ದು ಅವರಿಬ್ಬರ ತಲೆಯ ಮೇಲೆ ಕೇಳಿಸುತ್ತಿತ್ತು.

ಎದ್ದಾಗ ಆಕೆಯ ಒದ್ದೆ ಮಣಿಕಟ್ಟಿನ ಮೇಲೆ ಉಗುರಿನಷ್ಟು ಅಗಲದ ಬೆಳ್ಳಿ ಚಂದ್ರ ಕೂತಿದ್ದ.

"ಏ, ಅದು ಕುರ್ಚಿದು ಕಣೇ!" ಎಂದರು ಅಳತೆಪ್ಪ ಸಿಟ್ಟಿನಿಂದ. "ಅದೊಂದೇ ಉಳಿದಿದ್ದು!"

"ಈಗ ನಂದು. ಊಟಕ್ಕೆ ಬನ್ನಿ," ಎಂದು ಆಕೆ ಮೆಟ್ಟಿಲು ಹತ್ತಿದಳು.

ಆ ವಾರವೆಲ್ಲ ಅಳತೆಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು. ಹೆಂಡತಿ ಚಂದ್ರನಿದ್ದ ಬಲಗೈಯನ್ನು ಎಣ್ಣೆಗೂ ಸೋಪಿಗೂ ತಾಗಿಸದೆ, ಎಡಗೈಯಲ್ಲೇ ಪಾತ್ರೆ ತಿಕ್ಕುತ್ತಿದ್ದಳು. ಪಾತ್ರೆ ಒಂದೂ ಸರಿಯಾಗಿ ಬೆಳಗಿರಲಿಲ್ಲ. ಅಳತೆಪ್ಪನವರು ಅದರ ಬಗ್ಗೆ ತಕರಾರು ಮಾಡಲಿಲ್ಲ.